ಕಾಶೀಬಾಯಿ ವಿಮಾನ ಹತ್ತಿದ್ದು

ಅಕ್ಕಲಕೋಟೆಯ ಕಾಶೀಬಾಯಿಗೆ ತಂಗಿ ಗೋಪಿಕಾಳ ಮೇಲಿನ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಮದುವೆಯಲ್ಲಿ. ತಂಗಿಯ ಮದುವೆಯಲ್ಲ, ತನ್ನದೇ ಮದುವೆಯಲ್ಲಿ. ಸೊಲ್ಲಾಪುರದ ಬಾಳೀವೇಸಿನ ತವರುಮನೆಯ ಮುಂದೆ ಹಂದರ ಹಾಕಿ, ಬೀಗರು ಬಂದಿಳಿದು, ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತು ಹತ್ತಿರವಾಗುತ್ತಿರುವಾಗ ಗೋಪಿಕಾಳಿಗೆ ಮೈತುಂಬ ದಡಾರ ಎದ್ದಿತು. ಅವಳಿನ್ನೂ ಲಂಗ ಉಡುವ ಹುಡುಗಿ. ತಾಯಿ ದಿನವಿಡೀ ಒಳಕೋಣೆಯಲ್ಲಿ ಅವಳ ಹಣೆಗೆ ಒದ್ದೆ ಬಟ್ಟೆ ಹಚ್ಚುತ್ತ ಕೂತಳು. ಅಕ್ಕಿಕಾಳು ಬೀಳುವಾಗ ಹೊರಗೆ ಬಂದವಳ ಕಣ್ಣು ತುಂಬಿದ್ದವು. ಹಿರಿ ಮಗಳನ್ನು ಕೊಟ್ಟು ಕಳಿಸುವ ಸಂಕಟವೆಂದು ನಂಟರು ಸಮಾಧಾನ ಹೇಳಿದರು. ಆ ಕಣ್ಣೀರು ಯಾರಿಗಾಗಿ ಬಂದದ್ದೆಂದು ಕಾಶೀಬಾಯಿಗೆ ಮಾತ್ರ ಗೊತ್ತಿತ್ತು.

ಆದರೂ ಆಮೇಲಿನ ಹತ್ತು ಹದಿನೈದು ವರ್ಷ ಅವಳು ಸುಖವಾಗಿಯೇ ಇದ್ದಳು. ಗಂಡ ಪ್ರಹ್ಲಾದರಾವ್ ಅಕ್ಕಲಕೋಟೆಯ ತಹಸೀಲ ಕಚೇರಿಯಲ್ಲಿ ಕಾರಕೂನ. ಹೆಚ್ಚು ಮಾತಿಲ್ಲದ ಮನುಷ್ಯ. ಸ್ವಾಮಿ ಮಠದ ಹಿಂದಿನ ಓಣಿಯಲ್ಲಿ ಸ್ವಂತ ಮನೆ, ಹಿತ್ತಲಲ್ಲಿ ಬಾವಿ, ಬಾಗಿಲಿಗೆ ಬಂದು 'ರಾವಸಾಹೇಬರು ಅದಾರೇನ್ರಿ' ಎಂದು ಕೈಮುಗಿದು ನಿಲ್ಲುವ ಹಳ್ಳಿಯ ಜನ. ಗೋಪಿಕಾಳಿಗೆ ಸಿಕ್ಕ ಗಂಡ ಪಂಢರಿನಾಥ ಸೊಲ್ಲಾಪುರ ಸ್ಟೇಶನ್ನಿನ ಹತ್ತಿರದ ಒಂದು ಲಾರಿ ಆಫೀಸಿನ ಗುಮಾಸ್ತ. ಚಾಳಿನಲ್ಲಿ ಒಂದೇ ಖೋಲಿಯ ಸಂಸಾರ. ವರ್ಷಕ್ಕೊಮ್ಮೆ ಕಾಶೀಬಾಯಿ ತಾನು ಉಟ್ಟು ಬಿಟ್ಟ ಸೀರೆಗಳನ್ನು ಮಡಚಿ, ಮೇಲೊಂದು ಹೊಸ ಕುಬಸದ ಖಣ ಇಟ್ಟು ತಂಗಿಗೆ ಕೊಡುತ್ತಿದ್ದಳು. "ಗೋಪೀ ಪಾಡು ನೋಡಿದ್ರ ಕರಳು ಚುರ್ ಅಂತದರೀ" ಎಂದು ಗಂಡನಿಗೆ ಹೇಳುವಳು. ಹಾಗೆ ಹೇಳಿದ ದಿನ ಅವಳಿಗೆ ಊಟ ಚೆನ್ನಾಗಿ ಸೇರುತ್ತಿತ್ತು.

ಈ ಏರ್ಪಾಡು ತಲೆಕೆಳಗಾದದ್ದು ಎಪ್ಪತ್ತೆರಡನೆಯ ಇಸವಿಯಲ್ಲಿ.

ಪಂಢರಿನಾಥ ಕೆಲಸ ಮಾಡುತ್ತಿದ್ದ ಲಾರಿ ಆಫೀಸಿನ ಮಾಲಕ ಧರೆಪ್ಪ ಶೇಠ. ಚಾದರು, ಟಾವೆಲ್ಲುಗಳನ್ನು ದೇಶದ ತುಂಬ ಸಾಗಿಸಿ ದೊಡ್ಡವನಾದವನು. ಒಮ್ಮೆ ಮುಂಬಯಿಯಲ್ಲಿ ಅವನ ಸರಕು ಯಾವುದೋ ತಕರಾರಿನಲ್ಲಿ ಸಿಕ್ಕಿಬಿದ್ದು, ರೈಲಿನಲ್ಲಿ ರಾತ್ರಿಯಿಡೀ ನಿಂತು ಹೋಗಿ ತಲಪುವಷ್ಟರಲ್ಲಿ ಎಲ್ಲ ಕೈಮೀರಿತ್ತು. ಅಂದಿನಿಂದ ಅವನ ತಲೆಯಲ್ಲಿ ಒಂದೇ ಹುಳ: ಸೊಲ್ಲಾಪುರಕ್ಕೆ ವಿಮಾನ ಬರಬೇಕು. ವೇಳಾಪಟ್ಟಿಯ ಮೇಲೆ ಓಡುವ ವಿಮಾನ ಸರಕಾರದ್ದೇ ಆಗಿರಬೇಕೆಂದು ಕಾಯದೆ. ಬಾಡಿಗೆ ವಿಮಾನಕ್ಕೆ ಅಡ್ಡಿಯಿಲ್ಲ. ಶೇಠ ದಿಲ್ಲಿಯ ಕಚೇರಿಗಳ ಮೆಟ್ಟಿಲು ಹತ್ತಿಳಿದು ಬಾಡಿಗೆ ವಿಮಾನದ ಪರವಾನಗಿ ತಂದ. ಯಾರೋ ಓಡಿಸಿ ಬಿಟ್ಟ ಹಳೆಯ ಡಕೋಟಾ ವಿಮಾನವೊಂದನ್ನು ಕೊಂಡು, ಅದರ ಹೊಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ 'ಭೀಮಾ ಏರ್‌ವೇಜ್' ಎಂದು ಬರೆಸಿದ. ರೈಲಿನ ಮೊದಲನೆ ದರ್ಜೆಯ ತಿಕೀಟಿನಷ್ಟೇ ದರ ಎಂದು ಊರಿನ ಗೋಡೆಗಳ ಮೇಲೆಲ್ಲ ಸಾರಿದ.

ಅಷ್ಟು ಅಗ್ಗಕ್ಕೆ ವಿಮಾನ ಹೇಗೆ ಹಾರೀತು ಎಂದು ಕೇಳಿದವರಿಗೆ ಶೇಠ ನಗುತ್ತಿದ್ದ. ಹರಿದ ಆಸನಗಳಿಗೆ ತನ್ನದೇ ಚಾದರಿನ ಬಟ್ಟೆ ಹೊಲಿಸಿದ. ತಿಕೀಟು ಕೊಡಲು ಹೊಸ ಆಫೀಸಿಲ್ಲ, ಲಾರಿ ಆಫೀಸಿನಲ್ಲೇ ಒಂದು ಮೇಜು. ಪ್ರಯಾಣಿಕರು ತಮ್ಮ ಗಂಟುಮೂಟೆ ತಾವೇ ಹೊತ್ತು ವಿಮಾನಕ್ಕೆ ಹಾಕಬೇಕು. ಗಗನಸಖಿ ಇಲ್ಲ. ಮೊದಲು ಲಾರಿಯ ಕ್ಲೀನರ್ ಆಗಿದ್ದ ಕಾಮಣ್ಣನೆಂಬವನು ಖಾಕಿ ಬಿಟ್ಟು ಬಿಳಿ ಅಂಗಿ ತೊಟ್ಟು ಬಾಗಿಲು ಹಾಕುವುದು, ನೀರು ಕೊಡುವುದು ಎರಡನ್ನೂ ಮಾಡುತ್ತಿದ್ದ. ಊಟ ತಿಂಡಿ ಇಲ್ಲ. ಮೂರು ಭಾಷೆ ಚೆನ್ನಾಗಿಯೂ ಇಂಗ್ಲಿಷನ್ನು ತಕ್ಕಮಟ್ಟಿಗೂ ಆಡುತ್ತಿದ್ದ ಪಂಢರಿನಾಥ ಒಂದೇ ದಿನಕ್ಕೆ ಗುಮಾಸ್ತನಿಂದ ಸ್ಟೇಶನ್ ಮ್ಯಾನೇಜರ್ ಆದ.

ದಸರೆಯ ಮರುದಿನ ಬನ್ನಿ ಕೊಡಲು ಅವನು ಅಕ್ಕಲಕೋಟೆಗೆ ಬಂದಾಗ ಬಿಳಿ ಪ್ಯಾಂಟು, ಕೊರಳಿಗೆ ಟೈ. ಗೋಪಿಕಾ ಉಟ್ಟ ಸೀರೆ ಕಾಶೀಬಾಯಿ ಕೊಟ್ಟದ್ದಾಗಿರಲಿಲ್ಲ. ಮೊದಲು ಅವಳ ಕಣ್ಣಿಗೆ ಬಿದ್ದದ್ದೇ ಅದು.

"ಈ ಸೀರಿ ಎಲ್ಲಿದು?"

"ಇವರು ಮುಂಬಯಿಂದ ತಂದಾರಕ್ಕಾ. ಮುಂಜಾನೆ ಹೋಗಿ ಸಂಜೀಕ ಬಂದ್ರು ನೋಡು! ನಾ ಅನ್ನಾ ಮಾಡಿ ಇಳಸೋದ್ರಾಗ ಅವರು ಅಲ್ಲಿ ಸಮುದ್ರ ನೋಡ್ಲಿಕ್ಕತ್ತಿದ್ರಂತ."

"ಬಣ್ಣಾ ಏನ್ ಅಷ್ಟು ಗಟ್ಟಿ ಅನಸೂದಿಲ್ಲ" ಎಂದಳು ಕಾಶೀಬಾಯಿ, ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುತ್ತ.

ಓಣಿಯ ಜನ ಬನ್ನಿ ಕೊಡುವ ನೆಪದಲ್ಲಿ ಬಂದು ಪಂಢರಿನಾಥನನ್ನು ಸುತ್ತಿಕೊಂಡರು. ಮೈಂದರ್ಗಿಯಿಂದ ಕೆಲಸದ ಮೇಲೆ ಬಂದವರು ಸಹ ಪ್ರಹ್ಲಾದರಾಯರನ್ನು ಬಿಟ್ಟು ಅವರ ಷಡ್ಡಕನಿಗೆ ನಮಸ್ಕಾರ ಮಾಡಿದರು. ಪ್ರಹ್ಲಾದರಾವ್ ತಮ್ಮ ಕುರ್ಚಿಯನ್ನೇ ಅವನಿಗೆ ಬಿಟ್ಟುಕೊಟ್ಟು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಅಡಿಗೆಮನೆಯಿಂದ ಇದನ್ನು ನೋಡಿದ ಕಾಶೀಬಾಯಿಗೆ ಒಲೆಯ ಹೊಗೆ ಅವತ್ತು ಜಾಸ್ತಿಯೆನಿಸಿತು.

ಅದಕ್ಕಿಂತ ದೊಡ್ಡ ಏಟು ಆಮೇಲೆ ಬಿತ್ತು. ಹಾರುವ ಜನಕ್ಕೆ ಬಾಯಿಗೇನಾದರೂ ಕೊಡದೆ ಇದ್ದರೆ ಮರ್ಯಾದೆ ಉಳಿಯದೆಂದು ಶೇಠನಿಗೆ ಅನ್ನಿಸಿ, ಪಂಢರಿನಾಥನನ್ನು ಕೇಳಿದ. ಎರಡು ದಿನ ಇಟ್ಟರೂ ಕೆಡದ, ಕೈಗೆ ಅಂಟದ, ತಟ್ಟೆ ಬೇಡದ ತಿನಿಸು ಯಾವುದು? ಗೋಪಿಕಾ ಶೇಂಗಾ ಹೋಳಿಗೆ ಎಂದಳು. ಕಾಗದದಲ್ಲಿ ಸುತ್ತಿದ ಎರಡು ಹೋಳಿಗೆಯ ಪೊಟ್ಟಣ ಪ್ರತಿಯೊಬ್ಬರಿಗೆ. ಚಾಳಿನ ಹೆಂಗಸರನ್ನು ಕೂಡಿಸಿಕೊಂಡು ಗೋಪಿಕಾ ದಿನಾ ನಸುಕಿನಲ್ಲಿ ಹೋಳಿಗೆ ಬೇಯಿಸತೊಡಗಿದಳು. ಮುಂಬಯಿಯಿಂದ ಬಂದ ಒಬ್ಬ ಪತ್ರಕರ್ತ ವಿಮಾನದ ಬಗ್ಗೆ ಬರೆಯುತ್ತ, ಇಂಜಿನ್ನಿನ ಸದ್ದಿಗೆ ಕಿವಿ ಕಿವುಡಾದರೂ ಗೋಪಿಕಾಬಾಯಿಯವರ ಕೈಯ ಹೋಳಿಗೆ ತಿಂದರೆ ಎಲ್ಲ ಮರೆತುಹೋಗುತ್ತದೆ ಎಂದು ಹೊಗಳಿದ.

ಪ್ರಹ್ಲಾದರಾವ್ ಆ ಮರಾಠಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದರು.

"ಗೋಪೀ ಕೈದಂತ?" ಕಾಶೀಬಾಯಿ ಎದ್ದು ನಿಂತಳು. "ಅಕಿಗೆ ಕಲಿಸಿದವರ‍್ಯಾರು? ಶೇಂಗಾ ಹೊತ್ತಿಸದಂಗ ಹುರಿಯೋದು ಯಾರು ತೋರಿಸಿದ್ರು? ಅಕಿ ಮದಿವ್ಯಾದ ಹೊಸದಾಗಿ ಅಕಿ ಹೋಳಿಗಿ ಒಡದು ತವಿ ತುಂಬ ಹೂರಣ ಆಗ್ತಿತ್ತು! ನನ್ನ ಒಲಿ ಮುಂದ ಕೂತು ಕಲ್ತಾಳ."

"ಮತ್ತೇನು, ಪೇಪರಿನವನಿಗೆ ನಾ ಬರದು ತಿಳಸ್ಲೇನು?" ಎಂದರು ಗಂಡ.

ಕಾಶೀಬಾಯಿ ಅವತ್ತು ಸಂಜೆ ಸೇರುಗಟ್ಟಲೆ ಶೇಂಗಾ ಹುರಿದು ಹೋಳಿಗೆ ಮಾಡಿ ಓಣಿಯ ಮನೆಮನೆಗೆ ಹಂಚಿದಳು. ಎದುರು ಮನೆಯ ಗುರುಬಾಯಿ ಒಂದು ಮುರಿದು ಬಾಯಿಗಿಟ್ಟು, "ಭಾಳ ಚಲೋ ಆಗ್ಯಾವ್ರೀ ಅಕ್ಕಾರ. ಇಮಾನದಾಗ ಕೊಡ್ತಾರಲ್ಲ, ನಿಮ್ಮ ತಂಗೀವು, ಥೇಟ್ ಅವೇ ಇದ್ದಂಗ ಐತ್ರಿ ರುಚಿ" ಎಂದಳು. ವಿಮಾನದ ಹೋಳಿಗೆಯನ್ನು ಗುರುಬಾಯಿ ಕನಸಿನಲ್ಲೂ ತಿಂದವಳಲ್ಲ.

ಆ ವರ್ಷ ಮಳೆ ಕೈಕೊಟ್ಟಿತ್ತು. ಜಿಲ್ಲೆಯ ತುಂಬ ಬರಗಾಲದ ಕಾಮಗಾರಿಗಳು. ಅವನ್ನು ನೋಡಲು ಅಧಿಕಾರಿಗಳು, ಪುಢಾರಿಗಳು, ಪತ್ರಿಕೆಯವರು, ಪರದೇಶದ ಸೇವಾಸಂಸ್ಥೆಗಳ ಗೋರಾ ಸಾಹೇಬರು ಬರುತ್ತಲೇ ಇದ್ದರು. ಧರೆಪ್ಪ ಶೇಠನ ವಿಮಾನ ಖಾಲಿ ಹೋದ ದಿನವಿಲ್ಲ. ಎರಡನೆಯ ವಿಮಾನ ಕೊಳ್ಳುವ ಮಾತು ನಡೆಯಿತು. ಗೋಪಿಕಾ ಚಾಳು ಬಿಟ್ಟು ರೇಲ್ವೆ ಲೈನಿನ ಹತ್ತಿರದ ಬಂಗಲೆಯೊಂದರ ಅರ್ಧ ಭಾಗಕ್ಕೆ ಬಾಡಿಗೆಗೆ ಹೋದಳು. ಆ ಮನೆಯ ನಲ್ಲಿ, ಆ ಮನೆಯ ಫ್ಯಾನು ಎಲ್ಲವನ್ನೂ ನೋಡಿ ಬಂದ ಕಾಶೀಬಾಯಿ ಗಂಡನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಗೋಪಿಕಾ ಎಳ್ಳುಬೆಲ್ಲ ಕೊಡಲು ಬಂದವಳು ಅಕ್ಕನ ಕೈಹಿಡಿದು ಹೇಳಿದಳು:

"ಅಕ್ಕಾ, ಬರೋ ತಿಂಗಳು ನಾವಿಬ್ಬರೂ ಮುಂಬಯಿಗೆ ಹೋಗೂಣು. ನಿನಗೂ ನನಗೂ ಜಾಗಾ ಇಡಸ್ತಾರ ಇವರು. ಅಲ್ಲೆ ಇವರ ಮಾವನ ಮನಿ ಅದ. ಮೂರು ದಿನ ಇದ್ದು ಸಮುದ್ರಾ ನೋಡಿ ಬರೂಣು. ನೀ ಇಲ್ಲ ಅನಬಾರದು."

ಕಾಶೀಬಾಯಿ ಇಲ್ಲ ಎನ್ನಲಿಲ್ಲ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ಬಾವಿಯ ಕಟ್ಟೆಯ ಮೇಲೆ ಗುರುಬಾಯಿ, ಮಠದ ಬಾಗಿಲಲ್ಲಿ ಹೂ ಮಾರುವ ಚಂದ್ರಭಾಗಾ, ಎಲ್ಲರೂ ಅವಳನ್ನೇ ಕೇಳುವವರು: "ಎಂದು ಹೊಂಟೀರಿ? ಅಂಜಿಕಿ ಬರೂದಿಲ್ಲೇನ್ರಿ?" ಅವಳು ಸೆರಗು ಸರಿಪಡಿಸಿಕೊಳ್ಳುತ್ತ, "ಅಂಜಿಕಿ ಎಂಥಾದು, ಬಸ್ಸಿದ್ದಂಗ ಅದೂ ಒಂದು" ಎನ್ನುವಳು. ತನ್ನ ಮದುವೆಯಲ್ಲಿ ಸಿಕ್ಕಬೇಕಿದ್ದ ಗೌರವ ಈಗ ಸಿಕ್ಕಿತೆಂಬಂತೆ ಆ ದಿನಗಳನ್ನು ಕಳೆದಳು.

ಹೊರಡುವ ದಿನ ಜರಿಯಂಚಿನ ಸೀರೆ ಕಚ್ಚೆ ಹಾಕಿ ಉಟ್ಟು, ಮೂಗಿಗೆ ಮುತ್ತಿನ ನತ್ತು ಇಟ್ಟುಕೊಂಡು, ಮೊದಲನೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಟಾಂಗಾದಲ್ಲಿ ಹೋಟಗಿ ರಸ್ತೆಯ ವಿಮಾನದ ಮೈದಾನದಲ್ಲಿ ಇಳಿದಳು. ಬಯಲಿನ ನಡುವೆ ಬೆಳ್ಳಗೆ ಹೊಳೆಯುತ್ತ ನಿಂತ ಡಕೋಟಾವನ್ನು ಅಷ್ಟು ಹತ್ತಿರದಿಂದ ಕಂಡಾಗ ಒಂದು ಗಳಿಗೆ ಎಲ್ಲ ಮರೆತಳು. ಗೋಪಿಕಾ ಓಡಿಬಂದು ಅವಳ ಚೀಲ ತೆಗೆದುಕೊಂಡಳು.

ಆಗ ಒಂದು ಜೀಪು ಬಂತು. ಕಾಮಗಾರಿ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಇಳಿದರು. ತುರ್ತಾಗಿ ಮುಂಬಯಿ ಮುಟ್ಟಬೇಕಂತೆ. ಪಂಢರಿನಾಥ ಅವರೊಂದಿಗೆ ಮಾತಾಡಿ, ಕರವಸ್ತ್ರದಿಂದ ಕೊರಳು ಒರೆಸಿಕೊಳ್ಳುತ್ತ ಹೆಂಗಸರ ಹತ್ತಿರ ಬಂದ.

"ಅಕ್ಕಾರ, ನನ್ನ ಪರಿಸ್ಥಿತಿ ತಿಳಕೋರಿ. ಅವರಿಗೆ ಇಲ್ಲ ಅಂದ್ರ ನಾಳೆ ನಮ್ಮ ಪರವಾನಗೀಗೇ ಸಂಚಕಾರ. ಎರಡರಾಗ ಒಂದು ಜಾಗಾ ಬಿಡಬೇಕಾಗೇದ."

ಕಾಶೀಬಾಯಿ ಏನೂ ಹೇಳುವ ಮೊದಲೇ ಗೋಪಿಕಾ, "ಅಕ್ಕ ಹೋಗ್ಲಿ. ನಾ ಇನ್ನೊಮ್ಮೆ ಹೋಗ್ತೀನಿ. ಅಕ್ಕಾ, ನೀ ನಡಿ. ಅಲ್ಲೆ ಇವರ ಮಾವ ಬಂದಿರ‍್ತಾರ, ಕರಕೊಂಡು ಹೋಗ್ತಾರ" ಎಂದಳು.

ಅವಳ ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಕಾಶೀಬಾಯಿಯನ್ನು ಸುಟ್ಟದ್ದೇ ಅದು. ಇವಳಿಗೆ ಇನ್ನೊಮ್ಮೆ ಎಂಬುದಿದೆ, ನಾಳೆಯೋ ನಾಡಿದ್ದೋ ಬೇಕೆಂದಾಗ ಹತ್ತಬಹುದು. ಆದ್ದರಿಂದ ಇವತ್ತಿನದನ್ನು ಇಷ್ಟು ಸಲೀಸಾಗಿ ಎತ್ತಿ ಕೊಡುತ್ತಿದ್ದಾಳೆ, ತಾನು ಹಿಂದೆ ಹಳೇ ಸೀರೆ ಕೊಟ್ಟ ಹಾಗೆ.

"ನೀ ಬಿಟ್ಟ ಜಾಗಾದಾಗ ಕೂಡೋ ಹಣೇಬರಾ ನನಗಿನ್ನೂ ಬಂದಿಲ್ಲ" ಎಂದಳು. "ನೀನs ಹೋಗು. ನನಗ ಮನ್ಯಾಗ ಕೆಲಸ ಅವ."

"ಅಕ್ಕಾ, ಹಂಗ್ಯಾಕ ಅಂತಿ? ನಾ ಪ್ರೀತೀಲೆ—"

"ಗೊತ್ತದ ನಿನ್ನ ಪ್ರೀತಿ."

ಇಂಜಿನ್ನು ಶುರುವಾಯಿತು. ಧೂಳೆದ್ದಿತು. ಕಾಮಣ್ಣ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಪಂಢರಿನಾಥ ಹೆಂಡತಿಯ ರಟ್ಟೆ ಹಿಡಿದು, "ಗೋಪೂ, ಹೊತ್ತಾತು, ಹತ್ತು" ಎಂದು ಮುಂದೆ ನೂಕಿದ. ಗೋಪಿಕಾ ತಿರುತಿರುಗಿ ನೋಡುತ್ತ ಹತ್ತಿದಳು. ವಿಮಾನ ಬಯಲಿನುದ್ದಕ್ಕೂ ಓಡಿ, ಎದ್ದು, ಬಿಸಿಲಿನಲ್ಲಿ ಸಣ್ಣದಾಗುವವರೆಗೂ ಕಾಶೀಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಒಂದು ಮಾತು ಹಿಂದೆ ತೆಗೆದುಕೊಂಡಿದ್ದರೆ ತಾನು ಅದರೊಳಗೆ ಇರುತ್ತಿದ್ದೆನೆಂದು ತಿಳಿದು ಹೊಟ್ಟೆ ಇನ್ನೂ ಉರಿಯಿತು.

ಪಂಢರಿನಾಥ ಬಸ್‌ಸ್ಟ್ಯಾಂಡಿಗೆ ಟಾಂಗಾ ಮಾಡಿಕೊಟ್ಟ. ಅವಳು ಬಸ್ಸು ಹತ್ತಲಿಲ್ಲ. ಈ ನತ್ತು, ಈ ಸೀರೆಯಲ್ಲಿ ಮಧ್ಯಾಹ್ನವೇ ಓಣಿಗೆ ಕಾಲಿಟ್ಟರೆ ಗುರುಬಾಯಿ ಏನು ಕೇಳಿಯಾಳು, ಚಂದ್ರಭಾಗಾ ಯಾರಿಗೆಲ್ಲ ಹೇಳಿಯಾಳು! ಬಾಳೀವೇಸಿನಲ್ಲಿ, ತಂದೆತಾಯಿ ತೀರಿದ ಮೇಲೆ, ಸೋದರತ್ತೆ ಗೋದೂಬಾಯಿ ಒಬ್ಬಳೇ ಇದ್ದಳು. ವಯಸ್ಸಾದವಳು, ಕಿವಿ ಮಂದ. "ಅತ್ಯಾ, ನಿನ್ನ ನೋಡಬೇಕನಿಸ್ತು, ಬಂದೆ" ಎಂದು ಅವಳ ಮನೆಯಲ್ಲಿ ಉಳಿದಳು. ಮುದುಕಿ ಸಂತೋಷದಿಂದ ಅತ್ತಳು. ಕಾಶೀಬಾಯಿ ಅವಳ ತಲೆಗೆ ಎಣ್ಣೆ ಹಚ್ಚಿ, ಬೇಳೆ ಆರಿಸಿಕೊಟ್ಟು ಮೂರು ದಿನ ಕಳೆದಳು. ನಾಲ್ಕನೆಯ ದಿನ ನವೀಪೇಟೆಯ ಅಂಗಡಿಯಲ್ಲಿ ಮುಂಬಯಿ ಹಲ್ವಾದ ಎರಡು ಡಬ್ಬಿ ಕೊಂಡು ಅಕ್ಕಲಕೋಟೆಗೆ ಬಂದಿಳಿದಳು.

ಬೇಕೆಂದು ಸುಳ್ಳು ಹೇಳಿದಳೆಂದು ಹೇಳಲಾಗದು. ಗುರುಬಾಯಿ ಬಾಗಿಲಲ್ಲೇ ತಡೆದು, "ಹೋಗಿ ಬಂದ್ರೇನ್ರೀ ಅಕ್ಕಾರ? ಹೆಂಗ ಅನಿಸ್ತರಿ?" ಎಂದಾಗ ಅವಳ ಬಾಯಿಂದ, "ಏನು ಅನಸೋದು, ಹತ್ತಿದ್ದೂ ತಿಳೀಲಿಲ್ಲ, ಇಳದದ್ದೂ ತಿಳೀಲಿಲ್ಲ" ಎಂದು ಬಂದುಬಿಟ್ಟಿತು. ಆಮೇಲೆ ಒಂದಕ್ಕೊಂದು ಕೂಡಿಕೊಂಡವು. ಮೋಡ ಮೇಲಿನಿಂದ ಹಿಂಜಿದ ಅರಳೆಯ ಹಾಗಿದ್ದವು. ಭೀಮಾ ಹೊಳೆ ಒಂದು ನೂಲಿನೆಳೆಯಷ್ಟು. ಸಮುದ್ರ ನೋಡಿದರೆ ಬಾಯಾರಿಕೆಯೇ ಹೋಗುತ್ತದೆ. ಓಣಿಯ ಹೆಂಗಸರು ಹಲ್ವಾ ಚೀಪುತ್ತ ಬಾಯಿಬಿಟ್ಟು ಕೇಳಿದರು.

ಹದಿನೈದು ದಿನದ ಮೇಲೆ ಪ್ರಹ್ಲಾದರಾವ್ ಕಚೇರಿಯ ಕೆಲಸದ ಮೇಲೆ ಸೊಲ್ಲಾಪುರಕ್ಕೆ ಹೋಗಿ ಷಡ್ಡಕನನ್ನು ಕಂಡು ಬಂದರು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಖ ನೋಡದೆ, ಗೂಡಿನಲ್ಲಿದ್ದ ಡಬ್ಬಿಯ ಮೇಲಿನ ಅಂಗಡಿಯ ಚೀಟಿ ನೋಡುತ್ತ, "ನವೀಪೇಟಿ ಹಲ್ವಾ ಚಲೋ ಇರ‍್ತದ" ಎಂದರು. ಅಷ್ಟೇ. ಮುಂದೆ ಎಂದೂ ಆ ಮಾತೆತ್ತಲಿಲ್ಲ. ಕಾಶೀಬಾಯಿ ಅವರ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದಳು.

ಅವಳ ಮನಸ್ಸಿನ ಉರಿ ಆರಲಿಲ್ಲ. ದಿನಾ ಬೆಳಿಗ್ಗೆ ಆಕಾಶದಲ್ಲಿ ಗುಂಯ್ ಎಂದರೆ ಸಾಕು, ಕೆಲಸ ಬಿಟ್ಟು ಅಂಗಳಕ್ಕೆ ಬಂದು ನೋಡುವಳು. ಅಕ್ಕಲಕೋಟೆಯ ಮೇಲೆ ಆ ವಿಮಾನ ಹಾಯುವುದೇ ಇಲ್ಲ, ಮುಂಬಯಿ ದಿಕ್ಕು ಬೇರೆ ಎಂದು ಗಂಡ ಹೇಳಿದರೂ ಕೇಳುತ್ತಿರಲಿಲ್ಲ.

ಮರುವರ್ಷ ಮಳೆ ಚೆನ್ನಾಗಿ ಬಂತು. ಬರಗಾಲದ ಸಾಹೇಬರು ಬರುವುದು ನಿಂತಿತು. ಚಾದರಿನ ವ್ಯಾಪಾರಿಗಳಿಗೆ ದಿನಾ ಮುಂಬಯಿಯಲ್ಲಿ ಏನು ಕೆಲಸ? ಆಸನಗಳು ಖಾಲಿ ಬಿದ್ದವು. ಅದರ ಮೇಲೆ, ಅರಬರ ದೇಶದಲ್ಲಿ ಯುದ್ಧವಾಗಿ ಪೆಟ್ರೋಲಿನ ಬೆಲೆ ಎಲ್ಲಿಂದೆಲ್ಲಿಗೋ ಏರಿತು. ದರ ಏರಿಸಿದರೆ ಜನ ರೈಲಿಗೆ ಹೋಗುತ್ತಾರೆ, ಏರಿಸದಿದ್ದರೆ ಒಮ್ಮೆ ಹಾರಿದಷ್ಟೂ ನಷ್ಟ. ದಿನಾ ಹೋಗುತ್ತಿದ್ದ ವಿಮಾನ ವಾರಕ್ಕೆ ಮೂರು ಸಲ ಆಯಿತು, ಆಮೇಲೆ ಒಂದು. ಶೇಂಗಾ ಹೋಳಿಗೆ ನಿಂತು, ಚುರುಮುರಿ ಪೊಟ್ಟಣ ಬಂತು. ಪಂಢರಿನಾಥನ ಪಗಾರ ತಡವಾಗತೊಡಗಿತು. ಈ ಒಂದೊಂದು ಸುದ್ದಿಯನ್ನೂ ಕಾಶೀಬಾಯಿ ಗಂಡನಿಂದ ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡಳು. "ಪಾಪ" ಎಂದು ಪ್ರತಿ ಸಲವೂ ಅನ್ನುತ್ತಿದ್ದಳು. ಮೈಗೆ ಹಿತವಾಗಿ ನಿದ್ದೆ ಬರುತ್ತಿತ್ತು.

ಎಪ್ಪತ್ನಾಲ್ಕರ ಮೇ ತಿಂಗಳಲ್ಲಿ ದೇಶದ ರೈಲು ನೌಕರರೆಲ್ಲ ಸಂಪು ಹೂಡಿದರು. ಸೊಲ್ಲಾಪುರ ಸ್ಟೇಶನ್ನು ಬಣಬಣ. ಮುಳುಗುತ್ತಿದ್ದ ಭೀಮಾ ಏರ್‌ವೇಜಿಗೆ ಒಂದೇ ದಿನದಲ್ಲಿ ಜೀವ ಬಂತು. ಲಾರಿ ಆಫೀಸಿನ ಮುಂದೆ ತಿಕೀಟಿಗೆ ಜಗಳ. ಧರೆಪ್ಪ ಶೇಠ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ವಿಮಾನ ಬಿಟ್ಟ. ಇಂಜಿನ್ನಿಗೆ ವಿಶ್ರಾಂತಿ ಬೇಕೆಂದು ಪೈಲಟ್ ಹೇಳಿದ್ದನ್ನು ಸಂಪು ಮುಗಿಯಲಿ ಎಂದು ಮುಂದೆ ಹಾಕಿದ. ಗೋಪಿಕಾಳ ಮನೆಯಲ್ಲಿ ಮತ್ತೆ ಹೋಳಿಗೆಯ ಬಾಣಲೆ, ತವೆ ಹೊರಬಂದವು. ಪಂಢರಿನಾಥನ ಫೋಟೋ ಪೇಪರಿನಲ್ಲಿ ಬಂತು. ಅಕ್ಕಲಕೋಟೆಯಲ್ಲಿ ಕಾಶೀಬಾಯಿ ಆ ಪೇಪರನ್ನು ಒಲೆ ಹೊತ್ತಿಸಲು ಬಳಸಿದಳು.

ಸಂಪಿನ ಎರಡನೆಯ ವಾರದ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಕಡೆಯಿಂದ ಜನ ಕೂಗುತ್ತ ಓಡಿಬಂದರು. ವಿಮಾನ ಕುಂಭಾರಿಯ ಹೊಲದಲ್ಲಿ ಬಿದ್ದಿದೆ! ಮುಂಬಯಿಯಿಂದ ಬರುತ್ತಿದ್ದದ್ದು. ಪ್ರಹ್ಲಾದರಾವ್ ಕಚೇರಿಯಿಂದ ತಲೆಗೆ ಟೊಪ್ಪಿಗೆಯೂ ಇಲ್ಲದೆ ಬಂದರು. "ಗೋಪಿಕಾ ಅದರಾಗ ಅದಾಳಂತ. ನಿನ್ನೆ ಹೋಗಿದ್ಲಂತ" ಎಂದರು.

ಕಾಶೀಬಾಯಿ ಉಟ್ಟ ಸೀರೆಯಲ್ಲೇ ಓಡಿದಳು. ಸೊಲ್ಲಾಪುರದ ಬಸ್ಸಿನಲ್ಲಿ ಕುಂಭಾರಿಯವರೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ದಡಾರದ ಜ್ವರದಲ್ಲಿ ಮಲಗಿದ ಸಣ್ಣ ಹುಡುಗಿಯ ಮುಖ ಬಿಟ್ಟರೆ ಬೇರೇನೂ ಕಣ್ಣೆದುರು ಬರಲಿಲ್ಲ.

ರಸ್ತೆಯಿಂದ ಒಳಗೆ, ಕೊಯ್ದ ಜೋಳದ ಕೂಳೆಗಳ ನಡುವೆ ಡಕೋಟಾ ಹೊಟ್ಟೆಯ ಮೇಲೆ ಬಿದ್ದುಕೊಂಡಿತ್ತು. ಒಂದು ರೆಕ್ಕೆ ಮುರಿದು ಮಣ್ಣಲ್ಲಿ ಹೂತಿತ್ತು. ಇಳಿಯಲು ಊರಾಚೆ ಸುತ್ತು ಹಾಕುವಾಗ ಒಂದು ಇಂಜಿನ್ನು ಆಕಾಶದಲ್ಲೇ ನಿಂತುಹೋಗಿ ಇನ್ನೊಂದು ಕೆಮ್ಮತೊಡಗಿದಾಗ, ಮೈದಾನದವರೆಗೆ ತಲಪಲಾರದೆ ಪೈಲಟ್ ಅದನ್ನು ಬಯಲು ಕಂಡಲ್ಲಿ ಇಳಿಸಿದ್ದ. ಅವನ ತೋಳು ಮುರಿದಿತ್ತು. ಕಾಮಣ್ಣನ ಹಣೆ ಒಡೆದಿತ್ತು. ಉಳಿದವರೆಲ್ಲ ಪಾರಾಗಿದ್ದರು. ಬೇವಿನ ಮರದ ಕೆಳಗೆ, ಅಮೋಗಸಿದ್ಧನೆಂಬ ಕುರಿಗಾರ ಹಾಸಿಕೊಟ್ಟ ಕಂಬಳಿಯ ಮೇಲೆ ಗೋಪಿಕಾ ಕೂತಿದ್ದಳು.

"ಯವ್ವಾ, ಹೆದರಬ್ಯಾಡ್ರಿ. ನಮ್ಮ ಬೀರಪ್ಪ ಕಾಯ್ದಾನ" ಎಂದ ಅಮೋಗಸಿದ್ಧ, ಓಡಿಬಂದ ಕಾಶೀಬಾಯಿಗೆ ದಾರಿ ಬಿಡುತ್ತ. "ಕುರಿ ಅಷ್ಟೂ ಬೆದರಿ ಓಡ್ಯಾವ, ಮನಶ್ಯಾರಿಗೆ ಏನೂ ಆಗಿಲ್ಲ."

ಅಕ್ಕತಂಗಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಕಾಶೀಬಾಯಿ ತಂಗಿಯ ಕೈ ಕಾಲು ಮುಟ್ಟಿ ಮುಟ್ಟಿ ನೋಡಿದಳು. ಆ ಅಳುವಿನಲ್ಲಿ ಸುಳ್ಳು ಇರಲಿಲ್ಲ.

ಅಷ್ಟರಲ್ಲಿ ಸೊಲ್ಲಾಪುರದಿಂದ ಪೇಪರಿನವರ ಮೋಟಾರು ಬಂತು. ಕ್ಯಾಮರಾ ಹಿಡಿದವನೊಬ್ಬ, ವಿಮಾನದಲ್ಲಿದ್ದ ಹೆಂಗಸು ಯಾರು ಎಂದು ಕೇಳಿ, ಗೋಪಿಕಾಳನ್ನು ಮುರಿದ ರೆಕ್ಕೆಯ ಮುಂದೆ ನಿಲ್ಲಿಸಿದ. ಅವಳ ಕೈ ಬಿಡದೆ ನಿಂತಿದ್ದ ಕಾಶೀಬಾಯಿಗೆ, "ತುಮ್ಹೀ ಜರಾ ಬಾಜೂಲಾ ವ್ಹಾ, ಮಾವಶೀ" ಎಂದ. ಕಾಶೀಬಾಯಿ ಪಕ್ಕಕ್ಕೆ ಸರಿದಳು. ಕೆದರಿದ ಕೂದಲು, ಹರಿದ ಸೆರಗಿನಲ್ಲಿ ಗೋಪಿಕಾ ಎಷ್ಟು ಚೆಂದ ಕಾಣುತ್ತಿದ್ದಳು! ಸಾಯುವ ಗಂಡಾಂತರ ಬಂದರೂ ಅದು ಇವಳಿಗೇ ಬರಬೇಕೇ, ಮತ್ತು ಅದರಿಂದ ಹೀಗೆ ಪಾರಾಗುವುದೂ ಇವಳಿಗೇ ಸಾಧ್ಯವೇ ಎಂದು ಅನ್ನಿಸಿ, ತನ್ನ ಕಣ್ಣೀರಿನ್ನೂ ಆರದ ಕೆನ್ನೆಯನ್ನು ಸಿಟ್ಟಿನಿಂದ ಒರೆಸಿಕೊಂಡಳು.

ವಿಚಾರಣೆ ನಡೆಯಿತು. ಪರವಾನಗಿ ಹೋಯಿತು. ಧರೆಪ್ಪ ಶೇಠ ಲಾರಿಗಳನ್ನು ಒಂದೊಂದಾಗಿ ಮಾರಿ, ಚಾದರಿನ ಒಂದೇ ಅಂಗಡಿಗೆ ಬಂದು ಕೂತ. ಕುಂಭಾರಿಯ ಹೊಲದಿಂದ ವಿಮಾನವನ್ನು ತುಂಡುತುಂಡಾಗಿ ಗುಜರಿಯವರು ಒಯ್ದರು. ಎರಡು ವರ್ಷವೂ ತುಂಬದೆ ಭೀಮಾ ಏರ್‌ವೇಜ್ ಮುಗಿಯಿತು.

ಬಂಗಲೆಯ ಬಾಡಿಗೆ ಕೊಡಲಾಗದೆ ಗೋಪಿಕಾ, ಪಂಢರಿನಾಥ ಅಕ್ಕಲಕೋಟೆಗೆ ಬಂದು ಕಾಶೀಬಾಯಿಯ ಮನೆಯ ಹಿಂದಿನ ಕೋಣೆಯಲ್ಲಿ ಇಳಿದರು. ಕರೆದು ತಂದವರು ಪ್ರಹ್ಲಾದರಾವ್. ಕಾಶೀಬಾಯಿಯೂ ಬೇಡ ಎನ್ನಲಿಲ್ಲ. ಮೊದಲಿನ ಏರ್ಪಾಡು ಮರಳಿ ಬಂತೆಂದು ಒಳಗೊಳಗೇ ಸಮಾಧಾನವಾಗಿತ್ತು. ಪೆಟ್ಟಿಗೆ ತೆಗೆದು ಎರಡು ಹಳೇ ಸೀರೆ ಆರಿಸಿ ಇಟ್ಟಳು.

ಆದರೆ ನಡೆದದ್ದು ಬೇರೆ. ದಿನಾ ಸಂಜೆ ಓಣಿಯ ಹೆಂಗಸರು ಹಿಂದಿನ ಕೋಣೆಯ ಕಟ್ಟೆಗೆ ಬಂದು ಕೂಡತೊಡಗಿದರು. ವಿಮಾನ ಬೀಳುವಾಗ ಏನನಿಸಿತು, ಯಾರು ಯಾವ ದೇವರ ಹೆಸರು ಕೂಗಿದರು, ಕುರಿಗಾರ ಹೇಗೆ ಬಾಗಿಲು ಎಳೆದ? ಗೋಪಿಕಾ ನಕ್ಕು ನಗಿಸಿ ಹೇಳುವಳು. ಒಂದು ಸಂಜೆ ಗುರುಬಾಯಿ, "ನೀವಂತೂ ದಿನಾ ಹಾರಿದವ್ರು ಬಿಡ್ರಿ. ನಮ್ಮ ಅಕ್ಕಾರ ಒಂದs ಸಲ ಹೋಗಿ ಬಂದು ಎಷ್ಟ್ ಛಂದ ಹೇಳಿದ್ರಂತೀರಿ! ಆವಾಗ ನೀವೂ ಸಂಗಾಟ ಇದ್ರೆಲ್ರಿ?" ಎಂದಳು.

ಅಡಿಗೆಮನೆಯ ಕಿಟಕಿಯ ಹಿಂದೆ ಕಾಶೀಬಾಯಿ ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿ ಕಿವಿಗೊಟ್ಟಳು.

ಗೋಪಿಕಾ ಒಮ್ಮೆ ಕಿಟಕಿಯ ಕಡೆ ನೋಡಿದಳು. ಆಮೇಲೆ, "ಇದ್ದೆನಲ್ಲ! ಅಕ್ಕ ಕಿಡಕೀ ಬಾಜೂಕ ಕೂತಿದ್ಲು. ನನಗ ಅಂಜಿಕಿ, ಅಕಿಗೆ ಒಂದೀಟೂ ಇಲ್ಲ. ನನ್ನ ಕೈ ಹಿಡಕೊಂಡs ಇದ್ಲು" ಎಂದಳು.

ಮೂರು ದಿನ ಕಾಶೀಬಾಯಿ ತಂಗಿಯೊಂದಿಗೆ ಮಾತಾಡಲಿಲ್ಲ. ಕಡೆಗೆ ಪಾತ್ರೆ ಬೆಳಗುವಾಗ ಕೇಳಿದಳು:

"ಯಾಕ ಹಂಗ ಹೇಳಿದಿ?"

"ಮತ್ತೇನ್ ಹೇಳಬೇಕಾಗಿತ್ತಕ್ಕಾ?"

"ಇಲ್ಲಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು? ಎಲ್ಲಾರ ಮುಂದ ನೀ ದೊಡ್ಡಾಕಿ, ನಾ ನಿನ್ನ ಕೈಯಾಗಿನಾಕಿ. ಹಂಗs ಆಗಬೇಕಿತ್ತಲ್ಲ ನಿನಗ."

ಗೋಪಿಕಾ ಬೂದಿಯ ಕೈಯಲ್ಲೇ ಅವಳನ್ನು ನೋಡಿದಳು. "ನೀ ಹೇಳಿದ್ದನ್ನ ನಾ ಸುಳ್ಳ ಮಾಡಿದ್ರ ಆ ಮಂದಿ ನಗ್ತಿದ್ರು. ನನ್ನ ಅಕ್ಕನ್ನ ನೋಡಿ ನಕ್ರ ನನಗ ತಡೀತದೇನು?" ಎಂದು ಪಾತ್ರೆ ತೊಳೆಯತೊಡಗಿದಳು. ಕಾಶೀಬಾಯಿಗೆ ಜಗಳವಾಡಲು ಏನೂ ಉಳಿಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ದೀಪಾವಳಿ ಮುಗಿದ ಮೇಲೆ ಪಂಢರಿನಾಥನಿಗೆ ಬಾರ್ಶಿಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತಿಕೆ ಸಿಕ್ಕು ಅವರು ಹೊರಟುಹೋದರು. ಕಾಶೀಬಾಯಿ ಒಂದು ವರ್ಷ ಬಾರ್ಶಿಯ ಕಡೆಗೆ ತಲೆ ಹಾಕಲಿಲ್ಲ. ಆಮೇಲೊಮ್ಮೆ ಅಲ್ಲಿನ ಭಗವಂತನ ಗುಡಿಯ ದರ್ಶನದ ನೆಪ ಹೇಳಿ ಒಬ್ಬಳೇ ಹೋದಳು. ಮತ್ತೆ ಚಾಳು, ಮತ್ತೆ ಒಂದೇ ಖೋಲಿ. ಗೋಡೆಯ ಸುಣ್ಣ ಉದುರಿತ್ತು. ಪಂಢರಿನಾಥನ ಅಂಗಿಗೆ ಎಣ್ಣೆಯ ವಾಸನೆ. ಅವಳು ಇದನ್ನೆಲ್ಲ ನೋಡಿ ತೃಪ್ತಿಪಡಬೇಕೆನ್ನುವಷ್ಟರಲ್ಲಿ ಚಾಳಿನ ಹೆಂಗಸರು ಒಬ್ಬೊಬ್ಬರಾಗಿ ಬಂದು, ವಿಮಾನದ ಗೋಪಿಕಾ ಕಾಕೂನ ಅಕ್ಕ ಎಂದು ಅವಳಿಗೆ ನಮಸ್ಕಾರ ಮಾಡತೊಡಗಿದರು. ಮಕ್ಕಳು ಹೊಸ್ತಿಲ ಮೇಲೆ ಜಗ್ಗಾಡುತ್ತಿದ್ದವು.

ಜನ ಹೋದ ಮೇಲೆ ಕಾಶೀಬಾಯಿ ತಡೆಯಲಾರದೆ ಕೇಳಿಯೇಬಿಟ್ಟಳು:

"ಖರೇ ಹೇಳು. ಮ್ಯಾಲಿಂದ ಹೆಂಗ ಕಾಣ್ತದ?"

ಗೋಪಿಕಾ ಚಹದ ಕಪ್ಪು ಮುಂದೆ ಸರಿಸಿದಳು. "ಅವತ್ತಿಂದು ಕೇಳ್ತಿದ್ರ, ನನಗೇನೂ ಕಂಡಿಲ್ಲಕ್ಕಾ. ನೀ ಸಿಟ್ಟಿಲೆ ನಿಂತಿದ್ದು ನೋಡಿ ಹತ್ತಿದ್ದೆ. ಮುಂಬಯಿ ಬರೋ ತನಕ ಸೆರಗು ಮುಖಕ್ಕ ಹಾಕ್ಕೊಂಡು ಅತ್ತೆ. ಆಮ್ಯಾಲೆ ಎಂದು ಹತ್ತಿದ್ರೂ ಕಿಡಕೀ ಕಡೆ ನೋಡ್ಲಿಕ್ಕೆ ಮನಸಾಗ್ಲಿಲ್ಲ."

ಕಾಶೀಬಾಯಿ ಅವಳ ಮುಖವನ್ನೇ ನೋಡಿದಳು. ಇದು ನಿಜವೋ, ತನ್ನ ಸಮಾಧಾನಕ್ಕೆ ಈಗ ಹೊಲಿದು ಹೇಳಿದ್ದೋ ತಿಳಿಯಲಿಲ್ಲ. ತನಗಿಂತ ಚೆನ್ನಾಗಿ ಸುಳ್ಳು ಹೇಳಬಲ್ಲವಳು ಇವಳು, ನಿಜ ಹೇಳುವಾಗಲೂ ಇದೇ ಮುಖ. ಚಹ ಆರಿಹೋಯಿತು. ಸಂಜೆಯ ಬಸ್ಸಿಗೆ ತಂಗಿಯೇ ಬಂದು ಹತ್ತಿಸಿದಳು. ಬಸ್ಸು ವೈರಾಗದ ಊರು ದಾಟುವವರೆಗೂ ಕಾಶೀಬಾಯಿ ಅದನ್ನೇ ಹಿಂದುಮುಂದು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತ ಹಳ್ಳಿಯ ಹೆಂಗಸು, "ಯಾರನ್ನ ನೋಡಾಕ ಬಂದಿದ್ರಿ ತಾಯೀ?" ಎಂದು ಕೇಳಿದಳು.

"ತಂಗೀನ್ನ" ಎಂದಳು ಕಾಶೀಬಾಯಿ. ಸ್ವಲ್ಪ ಹೊತ್ತಿನ ಮೇಲೆ, ಆ ಹೆಂಗಸು ಕೇಳದಿದ್ದರೂ, "ಅಕಿ ಭಾಳ ನಶೀಬದಾಕಿ" ಎಂದು ಸೇರಿಸಿದಳು.